ಅಭಿನಯ ಕ್ಷೇತ್ರದಲ್ಲಿ ಆಯ್ಕೆ ಮತ್ತು ಉದ್ಯೋಗ

ಪುಣೆಯಿಂದ ಹೊರಟು ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್‌ಗಳನ್ನು ಹಾಯ್ದು ಹೈದರಾಬಾದನ್ನು ಪ್ರವೇಶಿಸುವ, ಅಲ್ಲಿಂದ ಮುಂದೆ ವಿಜಯವಾಡದ ಮಾರ್ಗವಾಗಿ ಮಚಲೀಪಟ್ಟಣದ ಕಡಲತೀರವನ್ನು ಮುಟ್ಟುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ, ಹೈದರಾಬಾದ್ ಮಹಾನಗರದ ಪಶ್ಚಿಮದಂಚಿನಲ್ಲಿ ಪಟಾನ್‌ಚೆರು ಇದೆ. 1972ರಲ್ಲಿ ಸ್ಥಾಪನೆಗೊಂಡ ‘ಇಕ್ರಿಸ್ಯಾಟ್’ ಕೃಷಿ ಸಂಶೋಧನಾ ಸಂಸ್ಥೆಯಿಂದಲೂ ವಿಸ್ತಾರವಾದ ಕೈಗಾರಿಕಾ ಪ್ರದೇಶದಿಂದಲೂ ಈ ಊರು ಹೆಸರಾಗಿದೆ. ಬೀದರ ಮತ್ತು ಕಲಬುರಗಿ ಕಡೆಗಳಿಂದ ಉದ್ಯೋಗವನ್ನರಸಿ ಬರುವ ಕನ್ನಡಿಗರಿಗೆ ಇದು ಹೈದರಾಬಾದಿನ ಹೆಬ್ಬಾಗಿಲು.

ಅಭಿನಯವನ್ನು ವೃತ್ತಿಯಾಗಿ ಸ್ವೀಕರಿಸಬಯಸುವ ಯುವಜನರ ದೃಷ್ಟಿಯಿಂದಲೂ ಈ ಹೆದ್ದಾರಿ ಗಮನಾರ್ಹವಾದುದು. ಇದು ಆರಂಭವಾಗುವ ಪುಣೆಯಲ್ಲಿ ಕೇಂದ್ರ ಸರ್ಕಾರವು 1960ರಲ್ಲಿ ಸ್ಥಾಪಿಸಿದ ಚಲನಚಿತ್ರ ಶಿಕ್ಷಣ ಸಂಸ್ಥೆಯಿದೆ. ಹೈದರಾಬಾದನ್ನು ದಾಟಿ ಪೂರ್ವಕ್ಕೆ ಸಾಗಿದರೆ 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿ ಇದೆ. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿಯು ಪ್ರಸಾರವನ್ನಾರಂಭಿಸಿದ್ದು ಅಲ್ಲಿಂದಲೇ. ಪಟಾನ್‌ಚೆರುವಿನಿಂದ ನಗರದ ಕಡೆಗೆ ಬರುವಾಗ ಸಿಗುವ ಲಿಂಗಂಪಲ್ಲಿಯ ಬಳಿ ಸುರಭಿ ನಾಟಕ ಕಲಾವಿದರ ಕಾಲನಿಯಿದೆ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಂಗಕಲೆಯ ಸ್ನಾತಕೋತ್ತರ ಶಿಕ್ಷಣ ದೊರೆಯುತ್ತದೆ. ಇಷ್ಟೆಲ್ಲ ಸಮೀಪದಲ್ಲಿದ್ದರೂ, ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಮರಳುವ ಯುವಕನಿಗೆ ಅಥವಾ ಕಾಲೇಜಿಗೆ ಹೋಗುವ ಯುವತಿಗೆ ಈ ಕ್ಷೇತ್ರದ ಬಾಗಿಲು ಎಲ್ಲಿದೆಯೆಂಬುದು ಸುಲಭವಾಗಿ ತಿಳಿಯದು. ‘ಹೊಸ ಮುಖಗಳು ಬೇಕಾಗಿವೆ’ ಎಂಬ ಭಿತ್ತಿಪತ್ರವೋ ಮೊಬೈಲಿಗೆ ಬಂದ ಸಂದೇಶವೋ ಮೊದಲು ಕಣ್ಣಿಗೆ ಬೀಳುತ್ತದೆ. ಅನೇಕರು ಮೋಸಹೋಗುವುದು ಅಲ್ಲಿಯೇ.

ಕಂಪನಿ ನಾಟಕಗಳ ಕಾಲದಲ್ಲಿ

ಅಭಿನಯ ಪರೀಕ್ಷೆ, ಅಂದರೆ ಇಂದು ಎಲ್ಲರೂ ‘ಆಡಿಷನ್’ ಎಂದು ಕರೆಯುವ ಪದ್ಧತಿಯು, ನಮ್ಮ ರಂಗಭೂಮಿಗೆ ತೀರ ಹಳೆಯದಲ್ಲ. ವೃತ್ತಿ ನಾಟಕ ಕಂಪನಿಗಳಲ್ಲಿ ನಟನಾಗಬಯಸುವವನು ಕಂಪನಿಯನ್ನು ಸೇರಿ, ಪರದೆ ಎಳೆದು, ಹಾಡು ಕಲಿತು, ಸಣ್ಣ ಪಾತ್ರಗಳಿಂದ ಮೇಲೇರಬೇಕಾಗಿತ್ತು. ಬಿ. ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. ರಾಜಕುಮಾರ್ ಅವರು ಕೂಡ, ತಂದೆಯವರು ದುಡಿಯುತ್ತಿದ್ದ ಅದೇ ಕಂಪನಿಯ ವಾತಾವರಣದಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕರಾದರು. ಅವರ ಪರೀಕ್ಷೆ ಪ್ರತಿ ರಾತ್ರಿಯೂ ಪ್ರೇಕ್ಷಕರ ಎದುರಿನಲ್ಲೇ ನಡೆದಿತ್ತು.

1885ರಲ್ಲಿ ಕಡಪ ಸೀಮೆಯ ಸುರಭಿ ಗ್ರಾಮದಲ್ಲಿ ವನಾರಸ ಗೋವಿಂದರಾವ್ ಅವರಿಂದ ಆರಂಭವಾದ ಸುರಭಿ ಸಂಪ್ರದಾಯದಲ್ಲಿ ಒಂದೇ ಬಂಧುಬಳಗದವರು ತಲೆಮಾರುಗಳಿಂದ ಅಭಿನಯಿಸುತ್ತ ಬಂದಿದ್ದಾರೆ. ಅಲ್ಲಿ ಹಸುಗೂಸು ಬಾಲಕೃಷ್ಣನಾಗಿ ರಂಗವೇರುತ್ತದೆ. ಅಜ್ಜಿ ಮೊಮ್ಮಗಳಿಗೆ ಪಾತ್ರ ಕಲಿಸುತ್ತಾಳೆ. ತೊಂಬತ್ತರ ದಶಕದಲ್ಲಿ ಕಾರಂತರು ಈ ಕಲಾವಿದರೊಡನೆ ಶಿಬಿರ ನಡೆಸಿ ‘ಭೀಷ್ಮ’, ‘ಚಂಡಿಪ್ರಿಯ’ ಮತ್ತು ಬ್ರೆಕ್ಟ್‌ನ ನಾಟಕವನ್ನಾಧರಿಸಿದ ‘ಬಸ್ತಿ ದೇವತ ಯಾದಮ್ಮ’ ಪ್ರಯೋಗಗಳನ್ನು ಸಿದ್ಧಪಡಿಸಿದರು. ಕನ್ನಡದ ನಿರ್ದೇಶಕರೊಬ್ಬರು ತೆಲುಗು ಕುಟುಂಬ ರಂಗಭೂಮಿಗೆ ಹೊಸ ಅಭ್ಯಾಸಗಳನ್ನು ಕಲಿಸಿದ ಈ ಪ್ರಸಂಗವು, ನುರಿತ ನಟರಿಗೂ ತರಬೇತಿ ಅಗತ್ಯವೆಂಬುದನ್ನು ತೋರಿಸುತ್ತದೆ. ಆದರೆ ಒಂದು ಕಾಲದಲ್ಲಿ ಹತ್ತಾರು ಶಾಖೆಗಳಾಗಿ ಹಬ್ಬಿದ್ದ ಸುರಭಿ ತಂಡಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಕಂಪನಿ ಸೇರಿ ಕಲಿಯುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿರುವುದರಿಂದ, ಅಪರಿಚಿತರ ಮುಂದೆ ಕೆಲವೇ ನಿಮಿಷಗಳಲ್ಲಿ ತನ್ನನ್ನು ತೋರಿಸಿಕೊಳ್ಳುವ ವಿದ್ಯೆಯನ್ನು ಇಂದಿನ ನಟರು ಬೇರೆಯಾಗಿಯೇ ಕಲಿಯಬೇಕಾಗಿದೆ.

ಧ್ವನಿಪರೀಕ್ಷೆ

ಆಡಿಷನ್ ಎಂಬ ಶಬ್ದದ ಮೂಲಾರ್ಥ ‘ಕೇಳುವುದು’. ಆ ಅರ್ಥಕ್ಕೆ ಇಂದಿಗೂ ನಿಷ್ಠವಾಗಿರುವುದು ಆಕಾಶವಾಣಿಯ ನಾಟಕ ಧ್ವನಿಪರೀಕ್ಷೆ. ಆಯಾ ಕೇಂದ್ರವು ಅರ್ಜಿ ಕರೆದಾಗ ಅಭ್ಯರ್ಥಿಗಳು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ತೇರ್ಗಡೆಯಾದವರಿಗೆ ಶ್ರೇಣಿ ದೊರೆಯುತ್ತದೆ. ಪಟಾನ್‌ಚೆರುವಿನ ಕನ್ನಡಿಗರಿಗೆ ಕನ್ನಡ ನಾಟಕದ ಮಟ್ಟಿಗೆ ಸಮೀಪದ ಕೇಂದ್ರವೆಂದರೆ 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ.

ಇಲ್ಲಿ ಮುಖ, ಮೈಬಣ್ಣ, ಎತ್ತರ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮೈಕಿನ ಮುಂದೆ ನಿಂತು ಒಂದೇ ಕಂಠದಿಂದ ಮುದುಕನನ್ನೂ ಮುಗ್ಧನನ್ನೂ ಸಿಟ್ಟುಗೊಂಡ ತಂದೆಯನ್ನೂ ಬೇರೆಬೇರೆಯಾಗಿ ಕಾಣಿಸಬೇಕು. ಅಕಾರ-ಹಕಾರಗಳ ವ್ಯತ್ಯಾಸ, ಮಹಾಪ್ರಾಣಗಳ ಸ್ಪಷ್ಟತೆ, ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳುವ ಜಾಗ, ಹಾಳೆ ತಿರುವುವಾಗ ಸಪ್ಪಳವಾಗದ ಎಚ್ಚರ ಇವೆಲ್ಲ ಪರೀಕ್ಷೆಯ ಭಾಗವೇ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ರಂಗದ ಮೇಲಿನಂತೆ ಕೂಗಿ ಹೇಳುವುದು. ಮೈಕು ಪಿಸುಮಾತನ್ನೂ ಹಿಡಿಯುತ್ತದೆ. ಬೀದರಿನ ಆಡುಮಾತಿನ ಬಗ್ಗೆ ಸಂಕೋಚಪಡುವ ಅಗತ್ಯವೂ ಇಲ್ಲ. ಉರ್ದು ಬೆರೆತ ಆ ಕನ್ನಡವನ್ನು ಸಹಜವಾಗಿ ಆಡಬಲ್ಲ ನಟನು ಗ್ರಂಥಸ್ಥ ಭಾಷೆಯನ್ನೂ ಸ್ಪಷ್ಟವಾಗಿ ನುಡಿಯಬಲ್ಲವನಾದರೆ ಅವನಿಗೆ ಒದಗುವ ಪಾತ್ರಗಳು ಇಮ್ಮಡಿಯಾಗುತ್ತವೆ. ಚಿತ್ರಗಳ ಡಬ್ಬಿಂಗ್ ಕಾರ್ಯದಲ್ಲಿಯೂ ಎರಡು ಭಾಷೆ ಬಲ್ಲ ಇಂತಹ ಕಂಠಗಳಿಗೆ ಬೇಡಿಕೆಯುಂಟು.

ಶಿಕ್ಷಣ ಸಂಸ್ಥೆಗಳ ಪ್ರವೇಶ

1959ರಲ್ಲಿ ಸ್ಥಾಪಿತವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಶಿಕ್ಷಣಕ್ಕೆ ಪದವಿ ಹಾಗೂ ಕನಿಷ್ಠ ಆರು ನಾಟಕಗಳಲ್ಲಿ ಪಾಲ್ಗೊಂಡ ಅನುಭವ ಬೇಕು. ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳ ವ್ಯಾವಹಾರಿಕ ಜ್ಞಾನವೂ ಅಪೇಕ್ಷಣೀಯ. ಪ್ರಾಥಮಿಕ ಪರೀಕ್ಷೆಯು ದೇಶದ ಹಲವು ನಗರಗಳಲ್ಲಿ ನಡೆಯುತ್ತದೆ. ಅದರಲ್ಲಿ ಆಯ್ಕೆಯಾದವರನ್ನು ದೆಹಲಿಯಲ್ಲಿ ಕೆಲವು ದಿನಗಳ ಶಿಬಿರಕ್ಕೆ ಕರೆಯಲಾಗುತ್ತದೆ. ಕಂಠಪಾಠವಾದ ಒಂದು ಭಾಷಣವನ್ನು ಮಾತ್ರ ಸಿದ್ಧಮಾಡಿಕೊಂಡು ಹೋದವನು ಶಿಬಿರದಲ್ಲಿ ಬಯಲಾಗುತ್ತಾನೆ; ಇತರರೊಡನೆ ಕೂಡಿ ಕೆಲಸಮಾಡುವ ಗುಣವನ್ನು ಅಲ್ಲಿ ನೋಡಲಾಗುತ್ತದೆ.

ಕನ್ನಡದಲ್ಲಿಯೇ ಕಲಿಯಬಯಸುವವರಿಗೆ ಕೆ. ವಿ. ಸುಬ್ಬಣ್ಣನವರು 1980ರಲ್ಲಿ ಹೆಗ್ಗೋಡಿನಲ್ಲಿ ಆರಂಭಿಸಿದ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. 1985ರಿಂದ ನಡೆದುಬಂದ ‘ತಿರುಗಾಟ’ದ ಮೂಲಕ ಅನೇಕ ತರುಣರಿಗೆ ಸಂಬಳದ ನಟನೆಯ ಮೊದಲ ಅವಕಾಶ ದೊರೆತಿದೆ. ಪುಣೆಯ ಸಂಸ್ಥೆಯು ತೆರೆಯ ಅಭಿನಯದಲ್ಲಿ ಎರಡು ವರ್ಷಗಳ ಶಿಕ್ಷಣ ನೀಡುತ್ತದೆ.

ಕ್ಯಾಮೆರಾದ ಮುಂದೆ

ಚಲನಚಿತ್ರ ಹಾಗೂ ಧಾರಾವಾಹಿಗಳ ಆಯ್ಕೆ ಇದಕ್ಕಿಂತ ಭಿನ್ನವಾದುದು. ಅಭ್ಯರ್ಥಿಯು ಮೊದಲು ತನ್ನ ಹೆಸರು, ಎತ್ತರ, ಬಲ್ಲ ಭಾಷೆಗಳನ್ನು ಹೇಳಿ, ಎಡಕ್ಕೂ ಬಲಕ್ಕೂ ತಿರುಗಿ ಮುಖ ತೋರಿಸುತ್ತಾನೆ. ಬಳಿಕ ಕೊಟ್ಟ ಒಂದೆರಡು ಪುಟಗಳ ಸಂಭಾಷಣೆಯನ್ನು ಅಭಿನಯಿಸುತ್ತಾನೆ. ಮುಗಿದ ಮೇಲೆ ನಿರ್ದೇಶಕನು ‘ಇದನ್ನೇ ಸಿಟ್ಟಿಲ್ಲದೆ ಹೇಳಿ’ ಎನ್ನಬಹುದು. ಮೊದಲ ಅಭಿನಯ ತಪ್ಪಾಯಿತೆಂದು ಇದರ ಅರ್ಥವಲ್ಲ. ಸೂಚನೆಯನ್ನು ಗ್ರಹಿಸಿ ಬದಲಾಯಿಸಿಕೊಳ್ಳುವ ಶಕ್ತಿಯಿದೆಯೇ ಎಂಬುದನ್ನು ಆತ ಪರೀಕ್ಷಿಸುತ್ತಿರುತ್ತಾನೆ. ಎರಡನೆಯ ಸಲವೂ ಮೊದಲಿನಂತೆಯೇ ಹೇಳಿದವನು, ಎಷ್ಟೇ ಚೆನ್ನಾಗಿ ಹೇಳಿದ್ದರೂ, ಬಿಟ್ಟುಹೋಗುವ ಸಂಭವ ಹೆಚ್ಚು.

ಈಗ ಮೊದಲ ಸುತ್ತು ಬಹುತೇಕ ಮನೆಯಲ್ಲಿಯೇ ಚಿತ್ರೀಕರಿಸಿ ಕಳುಹಿಸುವ ದೃಶ್ಯದಿಂದ ನಡೆಯುತ್ತದೆ. ಅದಕ್ಕೆ ದುಬಾರಿ ಸಲಕರಣೆ ಬೇಡ. ಖಾಲಿ ಗೋಡೆ, ಮುಖದ ಮೇಲೆ ಬೀಳುವ ಕಿಟಕಿಯ ಬೆಳಕು, ಅಲುಗದಂತೆ ಇರಿಸಿದ ಮೊಬೈಲು, ಎದುರು ಪಾತ್ರದ ಮಾತನ್ನು ಮೆಲುದನಿಯಲ್ಲಿ ಓದುವ ಒಬ್ಬ ಗೆಳೆಯ, ಇಷ್ಟು ಸಾಕು. ಫ್ಯಾನಿನ ಸದ್ದನ್ನು ನಿಲ್ಲಿಸಲು ಮರೆಯಬಾರದು. ಭಾವಚಿತ್ರವೂ ಹಾಗೆಯೇ: ಇಂದಿನ ಮುಖ ಇರುವಂತೆಯೇ ಕಾಣುವ ಎರಡು ಚಿತ್ರಗಳು ಸ್ಟುಡಿಯೋದಲ್ಲಿ ತಿದ್ದಿ ಹೊಳಪಿಸಿದ ಇಪ್ಪತ್ತು ಚಿತ್ರಗಳಿಗಿಂತ ಉಪಯುಕ್ತ. ಫೋಟೋ ಆಲ್ಬಮ್ಮಿನ ಹೆಸರಿನಲ್ಲಿ ಸಾವಿರಾರು ರೂಪಾಯಿ ಕಳೆದುಕೊಂಡವರು ಈ ಕ್ಷೇತ್ರದಲ್ಲಿ ಕಡಿಮೆಯೇನಿಲ್ಲ.

ಆಯ್ಕೆಯಾಗದಿದ್ದರೆ ಕಾರಣವನ್ನು ತಿಳಿಸುವ ವಾಡಿಕೆಯಿಲ್ಲ. ನಾಯಕಿಯ ತಮ್ಮನ ಪಾತ್ರಕ್ಕೆ ಬಂದವನು ಅವಳಿಗಿಂತ ಹಿರಿಯನಂತೆ ಕಂಡುದೇ ಕಾರಣವಾಗಿರಬಹುದು. ಅದರಲ್ಲಿ ನಟನ ಲೋಪವೇನೂ ಇರುವುದಿಲ್ಲ.

ಹಣ ಕೇಳುವವರು

ಈ ವಿಷಯವನ್ನು ಸ್ಪಷ್ಟವಾಗಿ ತಿಳಿದಿರುವುದು ಅತ್ಯವಶ್ಯಕ. ಸರ್ಕಾರಿ ಹಾಗೂ ಶಿಕ್ಷಣ ಸಂಸ್ಥೆಗಳು ಪ್ರಕಟಣೆಯಲ್ಲಿ ತಿಳಿಸಿದ ಅಲ್ಪ ಅರ್ಜಿ ಶುಲ್ಕವನ್ನು ಸಂಸ್ಥೆಯ ಖಾತೆಗೆ ಪಡೆದು ರಸೀದಿ ಕೊಡುತ್ತವೆ. ಅದು ಬೇರೆ. ಚಿತ್ರದಲ್ಲಿ ಪಾತ್ರ ಕೊಡುತ್ತೇವೆ, ಮುಂಗಡ ಕಟ್ಟಿ, ಸಂಘದ ಕಾರ್ಡು ಮಾಡಿಸಿ, ವಸ್ತ್ರಕ್ಕೆ ಹಣ ಕಳುಹಿಸಿ ಎನ್ನುವುದು ಬೇರೆ. ನಟನು ಕೂಲಿ ಪಡೆಯಬೇಕಾದವನು, ಕೊಡಬೇಕಾದವನಲ್ಲ. ರಾತ್ರಿಯ ವೇಳೆ ವಸತಿಗೃಹದ ಕೊಠಡಿಗೆ ಒಬ್ಬರೇ ಬರುವಂತೆ ಹೇಳುವ ಆಡಿಷನ್ನಿಗೆ ಯಾರೂ ಹೋಗಬಾರದು. ಚಿತ್ರದ ಹೆಸರು, ನಿರ್ಮಾಣ ಸಂಸ್ಥೆಯ ವಿಳಾಸ, ನಿರ್ದೇಶಕರ ಹಿಂದಿನ ಕೆಲಸ ಇವುಗಳನ್ನು ವಿಚಾರಿಸುವುದು ಅವಿನಯವಲ್ಲ. ಅಂತರ್ಜಾಲದ ಮೂಲಕ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಚಲನಚಿತ್ರ ಕಾರ್ಮಿಕರೊಂದಿಗೆ ಲಿಖಿತ ಕರಾರು ಮಾಡಿಕೊಳ್ಳಬೇಕೆಂಬ ನಿಯಮವನ್ನು 1981ರ ಕೇಂದ್ರ ಅಧಿನಿಯಮವು ತಂದಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಆ ನಿಯಮವನ್ನು ಉಳಿಸಿಕೊಂಡು, ದೃಶ್ಯ-ಶ್ರವ್ಯ ಕಾರ್ಮಿಕರೆಂಬ ವಿಶಾಲ ವ್ಯಾಖ್ಯೆಯೊಳಗೆ ತಂದಿದೆ. ಆದರೂ ಬಾಯಿಮಾತಿನ ಒಪ್ಪಂದಗಳೇ ಹೆಚ್ಚು ನಡೆಯುತ್ತವೆಂಬುದನ್ನು ಮರೆಮಾಚುವಂತಿಲ್ಲ. ಕೆಲಸದ ದಿನಗಳು, ದಿನದ ಸಂಭಾವನೆ, ಪಾವತಿಯ ದಿನಾಂಕ, ಇಷ್ಟನ್ನಾದರೂ ಬರಹದಲ್ಲಿ ಪಡೆಯುವುದು ಹೊಸಬರ ಹಿತಕ್ಕೆ ಒಳ್ಳೆಯದು. ಹೆಣ್ಣುಮಕ್ಕಳ ರಕ್ಷಣೆಗೆ 2013ರ ಲೈಂಗಿಕ ಕಿರುಕುಳ ತಡೆ ಅಧಿನಿಯಮವು ಚಿತ್ರೀಕರಣದ ಸ್ಥಳಕ್ಕೂ ಅನ್ವಯಿಸುತ್ತದೆ. ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿಯು 2024ರಲ್ಲಿ ಬಹಿರಂಗವಾದ ಮೇಲೆ, ಈ ರಕ್ಷಣೆ ಕಾಗದದಲ್ಲಷ್ಟೇ ಉಳಿದಿದೆಯೇ ಎಂಬ ಪ್ರಶ್ನೆಯನ್ನು ಇತರ ರಾಜ್ಯಗಳ ಕಲಾವಿದೆಯರೂ ಎತ್ತಿದ್ದಾರೆ.

ಮಕ್ಕಳನ್ನು ಚಿತ್ರೀಕರಣಕ್ಕೆ ಕಳುಹಿಸುವ ತಂದೆತಾಯಂದಿರು ಬಾಲಕಾರ್ಮಿಕ ನಿಯಮಗಳನ್ನು ತಿಳಿದಿರಬೇಕು. ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಅಗತ್ಯ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿಯೇ ನಿಶ್ಚಿತ ಠೇವಣಿಯಾಗಿ ಇರಿಸಬೇಕು.

ಜೀವನೋಪಾಯ

ನಟನೆಯೊಂದರಿಂದಲೇ ವರ್ಷವಿಡೀ ಸಂಸಾರ ನಡೆಸುವವರು ಕೆಲವರು ಮಾತ್ರ. ಬೆಳಕು, ಪ್ರಸಾಧನ, ರಂಗಸಜ್ಜಿಕೆ, ಶಾಲಾಮಕ್ಕಳ ನಾಟಕ ಶಿಕ್ಷಣ ಇವುಗಳಲ್ಲಿ ಒಂದನ್ನು ಬಲ್ಲವನಿಗೆ ಪಾತ್ರವಿಲ್ಲದ ತಿಂಗಳುಗಳು ಕಷ್ಟವಾಗುವುದಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದೊಳಗಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಎರಡು ವರ್ಷಗಳ ಅವಧಿಗೆ ನೀಡುತ್ತದೆ. ಗುರು-ಶಿಷ್ಯ ಪದ್ಧತಿಯ ರಂಗತಂಡಗಳಿಗೂ ಅನುದಾನವಿದೆ. 1954ರಲ್ಲಿ ಆರಂಭವಾದ ಗೀತ ಮತ್ತು ನಾಟಕ ವಿಭಾಗದ ಕಾರ್ಯವು ಈಗ ಕೇಂದ್ರ ಸಂವಹನ ಕಾರ್ಯಾಲಯದಲ್ಲಿ ವಿಲೀನಗೊಂಡಿದ್ದು, ಆ ಕಾರ್ಯಾಲಯವು ಪರೀಕ್ಷಿಸಿ ಆಯ್ದ ತಂಡಗಳಿಗೆ ಜನಜಾಗೃತಿ ಪ್ರದರ್ಶನಗಳನ್ನು ವಹಿಸುತ್ತದೆ.

ಆರು ನಾಟಕಗಳ ಅನುಭವವನ್ನು ಎಲ್ಲಿ ಪಡೆಯುವುದೆಂಬ ಪ್ರಶ್ನೆ ಉಳಿಯುತ್ತದೆ. ಹೈದರಾಬಾದಿನ ಕನ್ನಡ ಸಂಘಸಂಸ್ಥೆಗಳ ರಾಜ್ಯೋತ್ಸವದ ವೇದಿಕೆ, ಕಲಬುರಗಿಯ ರಂಗಾಯಣದ ಶಿಬಿರಗಳು, ಬೀದರಿನ ಹವ್ಯಾಸಿ ತಂಡಗಳು ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ದೂರದಲ್ಲಿವೆ. ಅಲ್ಲಿ ಅಭಿನಯಿಸಿದ ಪ್ರತಿ ನಾಟಕದ ಕರಪತ್ರ, ಛಾಯಾಚಿತ್ರ ಮತ್ತು ನಿರ್ದೇಶಕರ ಸಹಿಯುಳ್ಳ ಪ್ರಮಾಣಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ಅರ್ಜಿಯೊಂದಿಗೆ ಲಗತ್ತಿಸಲು ಅವೇ ಆಧಾರ.