ಗಣಕಯಂತ್ರದ ನಿಜವಾದ ವಿದ್ಯುತ್ ವೆಚ್ಚ

ನಾನಿರುವ ಬಾಡಿಗೆಯ ಕೋಣೆಗೆ ಪ್ರತ್ಯೇಕ ಮೀಟರಿಲ್ಲ. ಡೆಸ್ಕ್‌ಟಾಪ್ ಗಣಕಯಂತ್ರವೊಂದನ್ನು ತಂದಿರಿಸಿದ ತಿಂಗಳೇ ಮನೆಯ ಯಜಮಾನರು ಅದರ ಹಿಂಬದಿಯ ಚೀಟಿಯನ್ನು ಓದಿ, “ನಾನೂರೈವತ್ತು ವಾಟು ಅಂತ ಅದರ ಮೇಲೇ ಬರೆದಿದೆಯಲ್ಲಪ್ಪಾ! ದಿನಕ್ಕೆ ಎಂಟು ಗಂಟೆ ಅಂದರೆ ತಿಂಗಳಿಗೆ 108 ಯೂನಿಟ್ ಆಯಿತು” ಎಂದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದುದು ಆ 450 ಎಂಬ ಅಂಕಿಯನ್ನು ಅರ್ಥಮಾಡಿಕೊಂಡ ಬಗೆಯಲ್ಲಿ.

ಪವರ್ ಸಪ್ಲೈ ಪೆಟ್ಟಿಗೆಯು ಒಳಗಿನ ಭಾಗಗಳಿಗೆ ಹೆಚ್ಚೆಂದರೆ ಎಷ್ಟು ಕೊಡಬಲ್ಲದೆಂಬುದನ್ನು ಆ ಅಂಕಿ ಹೇಳುತ್ತದೆ. ಮನೆಯಲ್ಲಿ ಇಪ್ಪತ್ತು ಕೊಡ ಹಿಡಿಯುವ ಹಂಡೆಯಿದ್ದ ಮಾತ್ರಕ್ಕೆ ಮುಖ ತೊಳೆಯಲು ಇಪ್ಪತ್ತು ಕೊಡವನ್ನೂ ಖಾಲಿಮಾಡುವವರುಂಟೆ? ಯಂತ್ರ ಕೇಳಿದಷ್ಟನ್ನೇ ಪೆಟ್ಟಿಗೆ ಕೊಡುತ್ತದೆ. ಆದರೆ ಕೊಡುವಾಗ ಒಂದಂಶ ಶಾಖವಾಗಿ ಸೋರುವುದರಿಂದ, ಗೋಡೆಯಿಂದ ಎಳೆದುಕೊಳ್ಳುವುದು ಅದಕ್ಕಿಂತ ತುಸು ಹೆಚ್ಚು. ಬಿಲ್ಲು ಬರುವುದು ಗೋಡೆಯ ಲೆಕ್ಕಕ್ಕೆ, ಅಲ್ಲಿಯೇ ಅಳೆಯಬೇಕು. ಆಂಪಿಯರನ್ನು ಅಳೆದು 230 ವೋಲ್ಟಿನಿಂದ ಗುಣಿಸಿದರೂ ಸಾಲದು. ಪವರ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆಯಿದ್ದಲ್ಲಿ ಆ ಗುಣಲಬ್ಧವು ನಿಜವಾದ ವಾಟಿಗಿಂತ ಹೆಚ್ಚಾಗಿ ತೋರುತ್ತದೆ.

ಅಳೆಯುವ ಸಾಧನವೋ ಮನೆಬಾಗಿಲಲ್ಲೇ ಇದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಚಿಕ್ಕ ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂಬುದೂ ಅಲ್ಲಿಯೇ ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ 3200. ಯೂನಿಟ್ ಎಂದರೆ 36 ಲಕ್ಷ ಜೂಲ್; ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್ ಬಂತು. ಕಲಾವಿಭಾಗದವನಿಗೆ ಬೇಕಾದ ಭೌತಶಾಸ್ತ್ರ ಇಷ್ಟೇ.

ಒಂದು ಭಾನುವಾರ ಯಜಮಾನರ ಅಪ್ಪಣೆ ಪಡೆದು, ರೆಫ್ರಿಜರೇಟರನ್ನೂ ಬಿಡದೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಗಣಕಯಂತ್ರ ಮತ್ತು ಅದರ ಪರದೆಯನ್ನಷ್ಟೇ ಉಳಿಸಿದೆವು. ನಾನು ಗಡಿಯಾರ ಹಿಡಿದು ಹತ್ತು ಮಿನುಗುಗಳನ್ನು ಎಣಿಸಿದೆ: 135 ಸೆಕೆಂಡು, ಅಂದರೆ 83 ವಾಟು. “ಮೊದಲನೆಯದನ್ನು ಸೊನ್ನೆ ಅನ್ನಬೇಕಲ್ಲವೇನಯ್ಯ? ಹತ್ತು ಕಂಬದ ನಡುವೆ ಒಂಬತ್ತೇ ಅಂಕಣ” ಎಂದು ಯಜಮಾನರೇ ತಿದ್ದಿದರು. ನನಗೆ ನಾಚಿಕೆಯಾಯಿತು, ಲಾಭವೂ ಆಯಿತು! ಸೊನ್ನೆಯಿಂದ ಹತ್ತರವರೆಗೆ 150 ಸೆಕೆಂಡು. 11,250 ಜೂಲನ್ನು 150ರಿಂದ ಭಾಗಿಸಲು 75 ವಾಟು.

ಅದು ಬೆರಳಚ್ಚಿನ ಕೆಲಸದಲ್ಲಿ. ವಿಡಿಯೋ ಒಂದನ್ನು ಪರಿವರ್ತಿಸಲು ಹಚ್ಚಿದೊಡನೆ ಫ್ಯಾನು ಗದ್ದಲವೆಬ್ಬಿಸಿತು. ಹತ್ತು ಮಿನುಗುಗಳು 75 ಸೆಕೆಂಡಿನಲ್ಲೇ ಮುಗಿದವು. ಎಂದರೆ 150 ವಾಟು. ದೊಡ್ಡ ಗ್ರಾಫಿಕ್ಸ್ ಕಾರ್ಡು ಇರುವ ಯಂತ್ರಗಳ ಕಥೆ ಬೇರೆ.

ನನ್ನ ಎಂಟು ಗಂಟೆಯಲ್ಲಿ ಆರು ಗಂಟೆ ಮೊದಲ ಬಗೆಯದು, ಎರಡು ಎರಡನೆಯದು ಎಂದಿಟ್ಟರೆ ದಿನಕ್ಕೆ 750 ವಾಟ್-ಗಂಟೆ; ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಯಜಮಾನರು ಕಾಗದವನ್ನು ಎರಡು ಸಲ ಓದಿ, ತಮ್ಮ ಪುಸ್ತಕದಲ್ಲಿ 23 ಎಂದು ಬರೆದುಕೊಂಡರು. ಉಳಿದ ಅರ್ಧಕ್ಕಾಗಿ ನಾನು ವಾದಿಸಲಿಲ್ಲ.