ಹಳೆಯ ಪಿಕಪ್ಪಿನ ಇಂಜಿನ್ ಕಾಯುವುದೇಕೆ?

ತಾಳವಾಡಿ ಸೀಮೆಯ ರೈತರು ಕೋಸು, ಆಲೂಗಡ್ಡೆಗಳನ್ನು ಸತ್ಯಮಂಗಲಕ್ಕೆ ಇಳಿಸಿ, ಗೊಬ್ಬರದ ಚೀಲ ಹೇರಿಕೊಂಡು ಮರಳುವಾಗ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಏರಬೇಕು. ಕಾಡಾನೆ ಅಡ್ಡಾಡುವ ಆ ದಾರಿಯಲ್ಲಿ ಹಳೆಯ ಡೀಸೆಲ್ ಪಿಕಪ್ ಕಾದು ನಿಂತರೆ ಬಾಡಿಗೆಯೊಂದೇ ಅಲ್ಲ, ಜೀವವೂ ಗಂಡಾಂತರಕ್ಕೆ ಸಿಕ್ಕೀತು. ಆದುದರಿಂದ ಕಾಯುವಿಕೆಯ ಕಾರಣವನ್ನು ಊರಲ್ಲಿರುವಾಗಲೇ ತಿಳಿದುಕೊಳ್ಳುವುದು ಲೇಸು.

ಇಂಜಿನ್ನಿನೊಳಗೆ ಹರಿಯುವ ನೀರು ಶಾಖವನ್ನು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿ ಅದನ್ನು ತಣಿಸುತ್ತದೆ. ಪಂಪು ಮತ್ತೆ ಇಂಜಿನ್ನಿಗೆ ನೂಕುತ್ತದೆ. ನೀರು ಕಡಿಮೆಯಾಗಿದೆಯೋ, ಹರಿಯದೋ, ಗಾಳಿ ತಾಗದೋ ಎಂಬುದನ್ನೇ ನಾವು ಮೊದಲು ಹುಡುಕಬೇಕು. ಗಾಡಿ ಯಾವಾಗ ಕಾಯುತ್ತದೆ ಎಂಬುದೇ ಇದಕ್ಕೆ ಸೂಚನೆ.

1. ನಿಂತಲ್ಲಿ ಕಾದು, ಓಡುವಾಗ ತಣಿದರೆ ಫ್ಯಾನಿನ ದೋಷ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಅರ್ಧ ಅಂಗುಲಕ್ಕಿಂತ ಹೆಚ್ಚು ಬಗ್ಗಿದರೆ ಸಡಿಲವೆಂದು ತಿಳಿಯಿರಿ.

2. ಸಮನೆಲದಲ್ಲಿ ಸರಿಯಿದ್ದು, ಹೇರಿನೊಡನೆ ಏರುವಾಗ ಕಾದರೆ ರೇಡಿಯೇಟರ್ ಕಟ್ಟಿರಬಹುದು. ಹೊರಗಿನ ಧೂಳು, ಹೊಟ್ಟುಗಳನ್ನು ಇಂಜಿನ್ ಕಡೆಯಿಂದ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಒಳಗೆ ಕಟ್ಟಿದ್ದರೆ ಅದು ಕೊಳವೆಬಾವಿಯ ಗಡಸು ನೀರು ಬಿಟ್ಟ ಸುಣ್ಣ.

3. ಹೊರಟ ಕೆಲವೇ ನಿಮಿಷದಲ್ಲಿ ಕಾದು, ರೇಡಿಯೇಟರಿನ ಮೇಲಿನ ಪೈಪು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ. ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ. ನೀರು ಕುದಿಯುವ ಮೊದಲೇ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ತೆಗೆದೇ ಬಿಡುವುದು ಮದ್ದಲ್ಲ.

4. ನೀರು ಪದೇ ಪದೇ ಇಳಿಯುತ್ತಿದ್ದರೆ ಪೈಪಿನ ಕೀಲುಗಳನ್ನೂ ಪಂಪಿನ ಕೆಳಗಿನ ತೊಟ್ಟಿಕ್ಕುವಿಕೆಯನ್ನೂ ನೋಡಿ. ಹೊರಗೆಲ್ಲೂ ಸೋರದೆ, ಇಂಜಿನ್ ಎಣ್ಣೆ ಹಾಲಿನಂತೆ ಬೆಳ್ಳಗಾದರೆ, ಅಥವಾ ತಣ್ಣನೆಯ ಇಂಜಿನ್ನನ್ನು ಮುಚ್ಚಳ ತೆಗೆದು ಚಾಲೂ ಮಾಡಿದಾಗ ಗುಳ್ಳೆಗಳು ಎಡೆಬಿಡದೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆ ಗಾಡಿಯನ್ನು ಘಾಟಿಗೆ ಕೊಂಡೊಯ್ಯಕೂಡದು, ಮೆಕ್ಯಾನಿಕ್ಕನನ್ನು ಕರೆಯಿರಿ.

ದಾರಿಯಲ್ಲಿ ಕಾದರೆ ಜಾಗ ನೋಡಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ಮೀರಿಯೂ ಕುದಿಯದೆ ಇದ್ದು, ಮುಚ್ಚಳ ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಮುಕ್ಕಾಲು ಗಂಟೆಯಾದರೂ ಕಾದು, ಪೈಪು ಕೈಗೆ ತಣ್ಣಗೆ ತಾಗಿದ ಮೇಲೆಯೇ ತೆರೆಯಿರಿ. ಇನ್ನೊಂದು ಮಾತು: ಕಾಯುತ್ತಿದ್ದ ಗಾಡಿಯ ಮುಳ್ಳು ಒಮ್ಮೆಲೇ ಕೆಳಗಿಳಿದರೆ ಹಿಗ್ಗಬೇಡಿ, ನೀರು ಪೂರಾ ಹೋಗಿ ಮುಳ್ಳು ಸುಳ್ಳು ಹೇಳುತ್ತಿರಬಹುದು.

ಬಾವಿಯ ನೀರಿಗೆ ಬದಲು ಕೂಲೆಂಟನ್ನೂ ಬ್ಯಾಟರಿ ನೀರನ್ನೂ ಸಮಪಾಲು ಬೆರೆಸಿ ತುಂಬಿಸಿದರೆ ಸುಣ್ಣವೂ ತುಕ್ಕೂ ಹಿಡಿಯಲಾರವು. ಉಳುವ ಮುಂಚೆ ಎತ್ತಿಗೆ ನೀರು ಕುಡಿಸುವ ನಾವು, ಹೇರುವ ಮುಂಚೆ ಗಾಡಿಯ ನೀರನ್ನೂ ಬೆಲ್ಟನ್ನೂ ನೋಡುವ ರೂಢಿ ಮಾಡಿಕೊಳ್ಳೋಣ.