ಎಣ್ಣೆಯ ಕಲೆ ಮತ್ತು ಮಗುವಿನ ಬಟ್ಟೆಯ ಶುಚಿತ್ವ



ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ನಮ್ಮ ಗ್ರಾಮಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಕೊಬ್ಬರಿ ಎಣ್ಣೆಯನ್ನು ಮೃದುವಾಗಿ ಸವರುವುದರಿಂದ ಆರೋಗ್ಯವಂತ ಮಗುವಿಗೆ ಹಾನಿಯಿಲ್ಲ. ಆದರೆ ಮೂಗು, ಕಿವಿಗಳಿಗೆ ಎಣ್ಣೆ ಬಿಡಬಾರದು. ವೈದ್ಯರು ಹೇಳದ ಹೊರತು ಹೊಕ್ಕುಳಿನ ಗಾಯಕ್ಕೆ ಏನನ್ನೂ ಹಚ್ಚಬಾರದು. ಮೈಗೆ ಹಚ್ಚಿದ ಎಣ್ಣೆ ಮಗುವಿನ ಚೌಕದ ಬಟ್ಟೆಗೆ, ತೊಟ್ಟಿಲ ಹಾಸಿಗೆಗೆ, ತಾಯಿಯ ಸೀರೆಗೆ ಇಳಿಯುತ್ತದೆ. ಈ ಕಲೆಯನ್ನು ತೆಗೆಯುವ ಕ್ರಮವೇ ಈ ಪಾಠದ ವಿಷಯ.

ಕಲೆಯಿಂದ ಏನು ತೊಂದರೆ?

ಹತ್ತಿಯ ಬಟ್ಟೆ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಅದರ ಎಳೆಗಳಿಗೆ ಎಣ್ಣೆ ಮೆತ್ತಿಕೊಂಡರೆ ಈ ಗುಣ ಕುಂದುತ್ತದೆ. ಆಗ ಮಗುವಿನ ಮೂತ್ರವು ಬಟ್ಟೆಗೆ ಇಳಿಯದೆ ಚರ್ಮದ ಮೇಲೆಯೇ ನಿಲ್ಲುವುದರಿಂದ ತೊಡೆಯ ಸಂದಿನಲ್ಲಿ ಕೆಂಪು ಗುಳ್ಳೆಗಳು ಏಳುತ್ತವೆ. ಜಿಡ್ಡಿಗೆ ಧೂಳು ಅಂಟುತ್ತದೆ, ದುರ್ವಾಸನೆಯೂ ಬರುತ್ತದೆ. ಆದುದರಿಂದ ಎಣ್ಣೆಯ ಕಲೆ ಕೇವಲ ಅಂದದ ಪ್ರಶ್ನೆಯಲ್ಲ.

ಬರಿಯ ನೀರಿನಿಂದ ಕಲೆ ಏಕೆ ಹೋಗದು?

ಎಣ್ಣೆ ಮತ್ತು ನೀರು ಒಂದರೊಡನೊಂದು ಬೆರೆಯುವುದಿಲ್ಲ. ಸಾಬೂನಿನ ಕಣವು ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿಯುತ್ತದೆ. ಹೀಗೆ ಜಿಡ್ಡು ಬಿಡಿಬಿಡಿಯಾಗಿ ನೀರಿನೊಡನೆ ಹರಿದುಹೋಗುತ್ತದೆ. ಅಂಟುವಾಳಕಾಯಿಯ ನೊರೆಯೂ ಇದೇ ಕೆಲಸ ಮಾಡುತ್ತದೆ. ಕಲೆ ಹಸಿಯಾಗಿರುವಾಗಲೇ ತೆಗೆಯುವುದು ಸುಲಭ. ಕುಸುಬೆ ಮತ್ತು ಅಗಸೆ ಎಣ್ಣೆಗಳು ಗಾಳಿಗೆ ಗಟ್ಟಿಯಾಗುವ ಜಾತಿಯವು. ಇವುಗಳ ಕಲೆ ಹಳೆಯದಾದರೆ ಹಳದಿಯಾಗಿ ಎಳೆಗೇ ಅಂಟಿಕೊಳ್ಳುತ್ತದೆ.

ಅನುಸರಿಸಬೇಕಾದ ಕ್ರಮ

1. ಎಣ್ಣೆ ಬಿದ್ದ ಕೂಡಲೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಿದರೆ ಕಲೆ ಹರಡುತ್ತದೆ.

2. ಕಲೆಯ ಮೇಲೆ ಕಡಲೆಹಿಟ್ಟನ್ನು ಅಥವಾ ಅಕ್ಕಿಹಿಟ್ಟನ್ನು ಉದುರಿಸಿ ಅರ್ಧ ಗಂಟೆ ಬಿಡಿ, ಅನಂತರ ಕೊಡವಿ. ಹಿಟ್ಟು ಎಣ್ಣೆಯ ಬಹುಭಾಗವನ್ನು ಹೀರಿರುತ್ತದೆ.

3. ಬಟ್ಟೆಯನ್ನು ನೀರಿನಲ್ಲಿ ಮುಳುಗಿಸುವ ಮೊದಲು ಕಲೆಗೆ ಸಾಬೂನನ್ನಾಗಲಿ, ನೆನೆಸಿ ಕಿವುಚಿದ ಅಂಟುವಾಳದ ರಸವನ್ನಾಗಲಿ ಹಚ್ಚಿ ಕಾಲು ಗಂಟೆ ಬಿಡಿ. ಸೀಗೆಕಾಯಿ ಬಿಳಿ ಬಟ್ಟೆಗೆ ಕಂದು ಬಣ್ಣ ಹಿಡಿಸುವುದರಿಂದ ಇಲ್ಲಿ ಬೇಡ.

4. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಒಗೆಯಿರಿ. ಜಿಡ್ಡು ಹೆಚ್ಚಾಗಿದ್ದರೆ ಒಂದು ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆಸೋಡ ಬೆರೆಸಿ ಅರ್ಧ ಗಂಟೆ ನೆನೆಸಬಹುದು. ರೇಷ್ಮೆಗೆ ಮತ್ತು ಉಣ್ಣೆಗೆ ಸೋಡ ಸಲ್ಲದು.

5. ಸಾಬೂನಿನ ಜಾರುವಿಕೆ ಪೂರ್ತಿ ಹೋಗುವವರೆಗೆ ಶುದ್ಧ ನೀರಿನಲ್ಲಿ ಜಾಲಿಸಿ. ಉಳಿದ ಸೋಡ, ಸಾಬೂನುಗಳು ಕೂಸಿನ ಚರ್ಮವನ್ನು ಕೆರಳಿಸುತ್ತವೆ.

6. ಬಿಸಿಲಿನಲ್ಲಿ ಒಣಗಿಸಿ ಪರೀಕ್ಷಿಸಿ. ಕಲೆ ಉಳಿದಿದ್ದರೆ ಮತ್ತೊಮ್ಮೆ ಒಗೆಯಿರಿ. ಅದಕ್ಕೆ ಮೊದಲು ಇಸ್ತ್ರಿ ಮಾಡಿದರೆ ಶಾಖಕ್ಕೆ ಕಲೆ ನಿಂತುಬಿಡುತ್ತದೆ.

ಅಗಸೆ ಗಿಡದ ಕಾಂಡದ ನಾರಿನಿಂದ ನೇಯುವ ಲಿನನ್ ಬಟ್ಟೆಗೂ ಇದೇ ಕ್ರಮ ಸಲ್ಲುತ್ತದೆ. ಆದರೆ ಮಡಿಕೆ ಬಿದ್ದಲ್ಲಿ ಅದರ ಎಳೆ ಮುರಿಯುವುದರಿಂದ ಬಲವಾಗಿ ಹಿಂಡಬಾರದು, ಕಲ್ಲಿಗೆ ಬಡಿಯಬಾರದು.

ಅಪಾಯಕರ ವಿಧಾನಗಳು

ಕಲೆ ತೆಗೆಯಲು ಕೆಲವರು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಬಳಸುತ್ತಾರೆ. ಇದು ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯಿಂದಲೂ ಹೊತ್ತಿಕೊಳ್ಳಬಲ್ಲದು. ಬಟ್ಟಲಿನಲ್ಲಿಟ್ಟ ಸೀಮೆಎಣ್ಣೆಯನ್ನು ಮಗು ನೀರೆಂದು ಕುಡಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಅಪಾಯ ತರಬಹುದು. ಹಾಗಾದಲ್ಲಿ ಉಪ್ಪುನೀರು ಕುಡಿಸಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇನ್ನಷ್ಟು ಸೇರುತ್ತದೆ. ಕೂಡಲೆ 108 ಸಂಖ್ಯೆಗೆ ಕರೆ ಮಾಡಿ, ಇಲ್ಲವೆ ಮಗುವನ್ನು ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಸೋಡದ ಪೊಟ್ಟಣವನ್ನೂ ಮಗುವಿಗೆ ಎಟುಕದಂತೆ ಇಡಿ.

ಒಗೆದ ಬಟ್ಟೆಯ ನಡುವೆ ನುಸಿಗುಳಿಗೆ ಇಡುವ ರೂಢಿಯೂ ಮಗುವಿನ ಬಟ್ಟೆಗೆ ಬೇಡ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವ ಶಿಶುಗಳಿಗೆ ಅದರ ಆವಿಯಿಂದ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಚೆನ್ನಾಗಿ ಒಣಗಿಸಿ ಶುಭ್ರವಾದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು.

ಈ ಕೆಲಸ ಯಾರದು?

ನೆನೆದ ಬಟ್ಟೆ, ಅದರಲ್ಲಿಯೂ ನೆನೆದ ಕೌದಿ, ಬಹಳ ಭಾರ. ಹೆರಿಗೆಯಾದ ಹೊಸತರಲ್ಲಿ ಬಾಣಂತಿಯು ಕುಕ್ಕರುಗಾಲಿನಲ್ಲಿ ಕುಳಿತು ಇದನ್ನು ಒಗೆಯುವುದು, ತುಂಬಿದ ಕೊಡ ಹೊರುವುದು ಯುಕ್ತವಲ್ಲ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಹೆಂಗಸರಾಗಲಿ ಗಂಡಸರಾಗಲಿ, ಕನಿಷ್ಠ ಒಂದು ವಾರ ಭಾರ ಎತ್ತಬಾರದು. ಆದುದರಿಂದ ಪತಿಯಾದವನು ಈ ಕೆಲಸವನ್ನು ಸಂಕೋಚವಿಲ್ಲದೆ ವಹಿಸಿಕೊಳ್ಳಬೇಕು. ಎತ್ತಿನ ಮೈ ತೊಳೆಯುವ ಕೈಗೆ ಕೂಸಿನ ಬಟ್ಟೆ ತೊಳೆಯುವುದು ಅಗೌರವವಲ್ಲ.

ಮನೆಯಲ್ಲಿ ಇಬ್ಬರೂ ಚರ್ಚಿಸಿರಿ

1. ನಮ್ಮ ಮಗುವಿನ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಇಂಗುತ್ತದೆಯೇ, ಮೇಲೆಯೇ ನಿಲ್ಲುತ್ತದೆಯೇ? ನಿಂತರೆ ಆ ಬಟ್ಟೆಯಲ್ಲಿ ಜಿಡ್ಡು ಉಳಿದಿದೆ ಎಂದು ತಿಳಿಯಿರಿ.

2. ಸೀಮೆಎಣ್ಣೆ, ಪೆಟ್ರೋಲ್, ಸೋಡ, ನುಸಿಗುಳಿಗೆ ನಮ್ಮ ಮನೆಯಲ್ಲಿ ಎಲ್ಲಿವೆ? ಮಗುವಿನ ಕೈ ಅಲ್ಲಿಗೆ ಎಟುಕುವುದೇ?

3. ಬಾಣಂತನದ ದಿನಗಳಲ್ಲಿ ಬಟ್ಟೆ ಒಗೆಯುವವರು ಯಾರು, ನೀರು ತರುವವರು ಯಾರು?

ಮೂರನೆಯ ಪ್ರಶ್ನೆಗೆ ಹೆರಿಗೆಗೆ ಮುಂಚೆಯೇ ಉತ್ತರ ಕಂಡುಕೊಂಡಿರುವುದು ಲೇಸು.